ಕಸದ ಗಾಡಿಯವರಿಗೆ ‘ರೀ’ ಅಂತೀವಾ?

ಇವತ್ತಿನ ಮಾತು ಕಲಬುರಗಿ ಮಹಾನಗರ ಪಾಲಿಕೆ, ಕಮಲಾಪುರದಂಥ ಸಣ್ಣ ಪಟ್ಟಣ, ನಗರದ ಮಗ್ಗುಲಲ್ಲೇ ಇರೋ ಶರಣಸಿರಸಗಿಯಂಥ ಹಳ್ಳಿ, ಈ ಮೂರೂ ಕಡೆ ದಿನಾ ನಡೆಯೋ ಒಂದು ಕೆಲಸದ ಬಗ್ಗೆ. ಕಸ ಎತ್ತೋದು, ಚರಂಡಿ ಬಳಿಯೋದು, ರಸ್ತೆ ಗುಡಿಸೋದು. ಇಯರ್‌ಫೋನ್ ಹಾಕ್ಕೊಂಡು ಬಸ್ಸಿನಾಗ ಕೇಳಾಕತ್ತೀರಿ ಅಂದ್ರ ಒಮ್ಮೆ ಕಿಟಕಿ ಹೊರಗ ನೋಡ್ರಿ, ಅವರು ಅಲ್ಲೇ ಇರ್ತಾರ.

ನಮ್ ಕಡಿ ಮಾತಿನಾಗ ಒಂದು ಚಂದ ಅದ. ಏನೇ ಹೇಳಿದ್ರೂ ಬಾಲಕ್ಕ ‘ರಿ’ ಬರ್ತದ. ಹೌದ್ರಿ, ಬರ್ರಿ, ಕುಂದರ್ರಿ, ಯಾಕ್ರಿ. ಬೆಂಗಳೂರಿಗೆ ಓದಾಕ ಹೋದ ನಮ್ಮ ಹುಡುಗರನ್ನ ಅಲ್ಲಿಯವರು ಗುರುತು ಹಿಡಿಯೋದೇ ಈ ‘ರಿ’ಯಿಂದ. ಚಹಾದ ಅಂಗಡಿಯವರಿಗೆ ರಿ, ಆಟೋದವರಿಗೆ ರಿ, ಬಸ್ ಕಂಡಕ್ಟರ್‌ಗೆ ರಿ. ಆದರೆ ಕಸದ ಗಾಡಿ ಬಂದಾಗ? ‘ಏ, ನಿಲ್ಲಸು’, ‘ಏ, ಇಲ್ಲೊಂದು ಚೀಲ ಅದ ನೋಡು.’ ವಯಸ್ಸಿನಾಗ ನಮ್ಮವ್ವನಷ್ಟು ಇರೋ ಹೆಣ್ಮಗಳಿಗೂ ಏಕವಚನ. ನಮ್ಮ ಭಾಷೆಯೊಳಗೇ ಒಂದು ಗೆರಿ ಅದ, ಆ ಗೆರಿ ಯಾರ ಮುಂದ ನಿಲ್ತದ ಅನ್ನೋದು ಜಾತಿ ಗೊತ್ತಿದ್ದವರಿಗೆಲ್ಲ ಗೊತ್ತು. ಕರ್ನಾಟಕದಲ್ಲಿ ಈ ಕೆಲಸ ಮಾಡುವವರಲ್ಲಿ ಹೆಚ್ಚಿನವರು ದಲಿತರು. ಅದನ್ನ ಬಿಟ್ಟು ‘ಗೌರವ’ ಅಂತ ಮಾತಾಡಿದ್ರ ಅದು ಸುಮ್ನೆ ಭಾಷಣ.

ಹೆಸರು ಬದಲಾಗಿದ್ದು ಹೆಂಗ ಅನ್ನೋದು ಮೊದಲು ಕೇಳ್ರಿ. ಐವತ್ತು ವರ್ಷದ ಹಿಂದಿನ ತನಕ ನಮ್ಮ ರಾಜ್ಯದ ಪಟ್ಟಣಗಳಲ್ಲಿ ಮನುಷ್ಯರು ಮನುಷ್ಯರ ಮಲವನ್ನ ತಲೆ ಮೇಲೆ ಹೊತ್ತು ಸಾಗಿಸ್ತಿದ್ದರು. ಡಬ್ಬಿ ಪಾಯಖಾನೆ, ತಲೆ ಮೇಲೆ ಬುಟ್ಟಿ. ಇದು ಕತೆ ಅಲ್ಲ, ನಿಮ್ಮ ಅಜ್ಜ ಅಜ್ಜಿಯನ್ನ ಕೇಳಿದ್ರ ಕಣ್ಣಾರೆ ಕಂಡದ್ದು ಹೇಳ್ತಾರ. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಪೌರಾಡಳಿತ ನೋಡಿಕೊಳ್ತಿದ್ದ ಸಚಿವ ಬಿ. ಬಸವಲಿಂಗಪ್ಪ ಈ ಪದ್ಧತಿಯನ್ನ ನಿಷೇಧ ಮಾಡಿದರು. ಬಸವಲಿಂಗಪ್ಪ ಅಂದ್ರ ಹೆಚ್ಚಿನವರಿಗೆ 1973ರ ‘ಬೂಸಾ’ ಗಲಾಟೆ ಅಷ್ಟೇ ನೆನಪು. ನನ್ನ ಕೇಳಿದ್ರ ತಲೆ ಮೇಲಿನ ಬುಟ್ಟಿ ಇಳಿಸಿದ್ದೇ ಅವರ ದೊಡ್ಡ ಕೆಲಸ. ಇದರ ಬಗ್ಗೆ ಸಂಸತ್ತಿನ ಕಾನೂನು ಬಂದದ್ದು 1993ರಲ್ಲಿ. ಅದಕ್ಕಿಂತ ಬಲವಾದ ಇನ್ನೊಂದು ಕಾನೂನು 2013ರಲ್ಲಿ.

ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಅವರ ಸಮಿತಿ ಈ ಕೆಲಸಗಾರರ ಬದುಕಿನ ಬಗ್ಗೆ ವರದಿ ಕೊಟ್ಟಿತು. ಎಷ್ಟು ಜನಕ್ಕೆ ಎಷ್ಟು ಕೆಲಸಗಾರರು ಬೇಕು ಅನ್ನೋ ಚರ್ಚೆಯಲ್ಲಿ ಇವತ್ತಿಗೂ ಆ ವರದಿಯ ಹೆಸರು ಬರ್ತದ. ಮೊದಲು ‘ಜಾಡಮಾಲಿ’ ಅಂತಿದ್ದವರು ಸರ್ಕಾರಿ ಕಾಗದದಲ್ಲಿ ‘ಪೌರಕಾರ್ಮಿಕ’ ಆದರು. ಪೌರ ಅಂದ್ರ ಊರಿನ ನಾಗರಿಕ. ಒಳ್ಳೆ ಹೆಸರು. ಈಗ ಪ್ರತಿ ಸೆಪ್ಟೆಂಬರ್ 23ಕ್ಕೆ ರಾಜ್ಯದಲ್ಲಿ ಪೌರಕಾರ್ಮಿಕರ ದಿನ ಆಚರಿಸ್ತಾರೆ. ಶಾಲು, ಹಾರ, ಗ್ರೂಪ್ ಫೋಟೋ. 2017ರಲ್ಲಂತೂ ಸರ್ಕಾರ 1,000 ಪೌರಕಾರ್ಮಿಕರನ್ನ ಸಿಂಗಪುರಕ್ಕೆ ಕಳಿಸೋ ಯೋಜನೆ ಹಾಕಿ, ತಂಡ ತಂಡವಾಗಿ ವಿಮಾನ ಹತ್ತಿಸಿತು. ನಕ್ಕವರೂ ಇದ್ದರು. ನನಗೆ ಅದರಲ್ಲಿ ನಗುವಂಥದ್ದು ಏನೂ ಕಾಣ್ಲಿಲ್ಲ. ಅಧಿಕಾರಿಗಳು ಅಧ್ಯಯನ ಪ್ರವಾಸ ಅಂತ ಎಲ್ಲೆಲ್ಲೋ ಹೋಗಿ ಬರ್ತಾರಲ್ಲ, ಆ ಕೆಲಸವನ್ನ ಕೈಯಾರೆ ಮಾಡೋರು ಯಾಕ ಹೋಗಬಾರದು?

ಆದರೆ ಹಾರ ವರ್ಷಕ್ಕ ಒಮ್ಮೆ. ಸಂಬಳ ತಿಂಗಳಾ ತಿಂಗಳಾ ಬರಬೇಕು. ನಾನು ಇವತ್ತು ಮಾತಾಡಬೇಕು ಅಂತ ಕೂತದ್ದು ಈ ಎರಡರ ನಡುವಿನ ಅಂತರದ ಬಗ್ಗೆ.

ಗುತ್ತಿಗೆ ಪದ್ಧತಿ ಹೆಂಗ ಕೆಲಸ ಮಾಡ್ತದ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಸ್ಥಳೀಯ ಸಂಸ್ಥೆ ಟೆಂಡರ್ ಕರೀತದ. ಗುತ್ತಿಗೆದಾರ ಇಷ್ಟು ಜನ ಕೊಡ್ತೀನಿ ಅಂತ ಸಹಿ ಮಾಡ್ತಾನೆ. ಹಣ ಅವನ ಖಾತೆಗೆ ಹೋಗ್ತದ, ಅಲ್ಲಿಂದ ಕೆಲಸಗಾರರಿಗೆ. ಹಾಜರಿ ಪುಸ್ತಕ ಅವನ ಕೈಯಾಗ. ಪಿಎಫ್, ಇಎಸ್‌ಐ ಕಟ್ಟಿದ್ದಾನೋ ಇಲ್ಲೋ ಅನ್ನೋದು ಕೆಲಸಗಾರರಿಗೆ ಗೊತ್ತಾಗೋದು ಆಸ್ಪತ್ರೆ ಬಾಗಿಲಲ್ಲಿ. ಸಂಬಳ ಯಾಕ ಬಂದಿಲ್ಲ ಅಂತ ಕಚೇರಿಗೆ ಹೋದ್ರ, ‘ನೀವು ನಮ್ಮ ನೌಕರರಲ್ಲ, ಗುತ್ತಿಗೆದಾರನನ್ನ ಕೇಳ್ರಿ’ ಅಂತಾರೆ. ಇಡೀ ಊರು ಅವರನ್ನ ‘ಮುನಿಸಿಪಾಲ್ಟಿಯವರು’ ಅಂತ ಕರೀತದ, ಮುನಿಸಿಪಾಲ್ಟಿ ಮಾತ್ರ ‘ನಮ್ಮವರಲ್ಲ’ ಅಂತದ. ಏಕವಚನದ ಮಾತಿಗಿಂತ ದೊಡ್ಡ ಅವಮಾನ ಇದು ಅಂತ ನನಗ ಅನಸ್ತದ.

ಇದನ್ನ ಬದಲಾಯಿಸಿದ್ದು ಯಾರೋ ಕರುಣೆಯಿಂದ ಕೊಟ್ಟ ಆದೇಶ ಅಲ್ಲ. ವರ್ಷಗಟ್ಟಲೆ ಸಂಘಟನೆ ಕಟ್ಟಿ ಹೋರಾಟ ಮಾಡಿದ ಮೇಲೆ ನೇರ ಪಾವತಿ ಬಂತು. ಅಂದ್ರ ಗುತ್ತಿಗೆದಾರನನ್ನ ಬಿಟ್ಟು, ಸ್ಥಳೀಯ ಸಂಸ್ಥೆಯಿಂದ ನೇರವಾಗಿ ಕಾರ್ಮಿಕರ ಬ್ಯಾಂಕ್ ಖಾತೆಗೆ ಹಣ. 2022ರ ಜುಲೈ 1ರಿಂದ ರಾಜ್ಯದಾದ್ಯಂತ ಪೌರಕಾರ್ಮಿಕರು ಮುಷ್ಕರ ಹೂಡಿದರು. ಅವರ ಮುಖ್ಯ ಬೇಡಿಕೆ ಕಾಯಂ ನೇಮಕಾತಿ. ನಾಲ್ಕೇ ದಿನದಲ್ಲಿ ಊರುಗಳು ನಾರಿದವು, ಸರ್ಕಾರ ಮಾತುಕತೆಗೆ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ 11,133 ಪೌರಕಾರ್ಮಿಕರನ್ನ ಕಾಯಂ ಮಾಡೋಕೆ ಸಚಿವ ಸಂಪುಟ ಒಪ್ಪಿತು.

ಹಂಗಂತ ಎಲ್ಲಾ ಸರಿ ಹೋಯ್ತಾ ಅಂದ್ರ ಇಲ್ರಿ. ಪೊರಕೆ ಹಿಡಿದವರು ಪೌರಕಾರ್ಮಿಕರು. ಕಸದ ಗಾಡಿ ಓಡಿಸೋರು? ಲೋಡ್ ಮಾಡೋರು? ಒಳಚರಂಡಿ ಕೆಲಸದವರು? ನಮಗೂ ಅದೇ ಕೊಡ್ರಿ ಅನ್ನೋದು ಇವರ ಕೂಗು. ಬೆಳಗ್ಗೆ ಒಂದೇ ಗಾಡಿಯ ಜೊತಿಗೆ ಬಂದ ಮೂವರಿಗೆ ಮೂರು ನಮೂನಿ ಸಂಬಳ ಇರಬಹುದು, ನಮಗೆ ಹೊರಗಿನಿಂದ ಗೊತ್ತೇ ಆಗಲ್ಲ.

ಇನ್ನು ಲೆಕ್ಕ ನೋಡ್ರಿ. ಕಾಯಂ ಹುದ್ದೆಗೆ ಬಳಸಿದ ಅಳತೆ 700 ಜನಕ್ಕೆ ಒಬ್ಬ ಪೌರಕಾರ್ಮಿಕ. 2011ರ ಜನಗಣತಿಯಲ್ಲಿ ಕಲಬುರಗಿ ನಗರದ ಜನಸಂಖ್ಯೆ ಸುಮಾರು 5 ಲಕ್ಷ 33 ಸಾವಿರ. ಭಾಗಿಸಿದ್ರ 760ರ ಆಸುಪಾಸು ಬರ್ತದ. ಆದರೆ 2011ರಿಂದ ಈಚೆಗೆ ಎಷ್ಟು ಲೇಔಟ್ ಎದ್ದಾವು ಅಂತ ರಿಂಗ್ ರೋಡಿನ ಆಚೆ ಒಮ್ಮೆ ಹೋಗಿ ಬಂದ್ರ ಸಾಕು. ಜನಗಣತಿಯ ಪುಸ್ತಕದಲ್ಲಿಲ್ಲದ ಮನೆಯ ಕಸವನ್ನೂ ಯಾರೋ ಒಬ್ಬರು ಎತ್ತಲೇಬೇಕು.

ಕಮಲಾಪುರದಂಥ ಊರಿನದು ಬ್ಯಾರೆ ಕತಿ. ಕೆಂಪು ಬಾಳೆಹಣ್ಣಿನಿಂದ ಹೆಸರಾದ ಊರು, ಈಗ ತಾಲ್ಲೂಕು ಕೇಂದ್ರ. ತಾಲ್ಲೂಕು ಆಯ್ತು ಅಂದ್ರ ಕಚೇರಿ ಬರ್ತಾವು, ಹೋಟೆಲ್ ಬರ್ತಾವು, ಜನ ಬರ್ತಾರೆ, ಕಸ ಬರ್ತದ. ಕೆಲಸಗಾರರ ಸಂಖ್ಯೆ ಅಷ್ಟೇ ವೇಗದಲ್ಲಿ ಬೆಳೆಯಲ್ಲ. ಮಹಾನಗರ ಪಾಲಿಕೆ ನಡೆಯೋದು 1976ರ ಕಾಯ್ದೆ ಮೇಲೆ, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳು 1964ರ ಕಾಯ್ದೆ ಮೇಲೆ. ಹಳ್ಳಿಗೆ ಬಂದ್ರ 1993ರ ಪಂಚಾಯತ್ ರಾಜ್ ಕಾಯ್ದೆ. ಗ್ರಾಮ ಪಂಚಾಯಿತಿಗಳಲ್ಲಿ ಈಗ ‘ಸ್ವಚ್ಛ ವಾಹಿನಿ’ ಗಾಡಿಗಳು ಬಂದಾವು. ಬಹಳ ಕಡೆ ಸ್ವಸಹಾಯ ಸಂಘದ ಹೆಣ್ಮಕ್ಕಳೇ ಡ್ರೈವಿಂಗ್ ಕಲಿತು ಸ್ಟಿಯರಿಂಗ್ ಹಿಡಿದಾರೆ. ನೋಡಾಕ ಖುಷಿ ಆಗ್ತದ, ರೀಲ್ಸ್ ಕೂಡ ಚಂದ ಬರ್ತಾವು. ಆದರೆ ಅವರು ಕಾಯಂ ನೌಕರರಲ್ಲ, ಒಕ್ಕೂಟ ಮತ್ತು ಪಂಚಾಯಿತಿ ನಡುವಿನ ಒಪ್ಪಂದದ ಮೇಲೆ ಗೌರವಧನ ತಗೊಳ್ಳೋರು. ‘ಗೌರವಧನ’ ಅನ್ನೋ ಶಬ್ದ ಕೇಳಾಕ ಎಷ್ಟು ದೊಡ್ಡದು! ಸರ್ಕಾರಿ ಭಾಷೆಯಲ್ಲಿ ಸಂಬಳ ಕಡಿಮೆ ಇದ್ದಷ್ಟೂ ಅದರ ಹೆಸರಿನಾಗ ಗೌರವ ಜಾಸ್ತಿ.

ಬಿಸಿಲಿನ ಮಾತು ಬಿಡಂಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಸಮಯ ಬೆಳಗ್ಗೆ 8ರಿಂದ ಮಧ್ಯಾಹ್ನ 1:30 ಅಂತ ಆದೇಶ ಬರ್ತದ. ಒಳ್ಳೆಯದೇ, ಇಲ್ಲಿಯ ಬಿಸಿಲು ಅಂಥದ್ದು. ಫ್ಯಾನಿನ ಕೆಳಗೆ ಕೂತು ಮಾಡೋ ಕೆಲಸಕ್ಕೇ ಬಿಸಿಲಿನ ರಿಯಾಯಿತಿ ಬೇಕು ಅಂತ ಸರ್ಕಾರ ಒಪ್ಪಿದ ಮೇಲೆ, ರಸ್ತೆ ಮೇಲಿನವರಿಗೆ ಕನಿಷ್ಠ ನೆರಳು, ಕುಡಿಯೋ ನೀರು, ಶೌಚಾಲಯ ಬೇಕಲ್ವಾ? ಕೊನೆಯದನ್ನ ಒತ್ತಿ ಹೇಳ್ತೀನಿ. ಗುಡಿಸೋರಲ್ಲಿ ಹೆಚ್ಚಿನವರು ಹೆಣ್ಮಕ್ಕಳು. ನಸುಕಿನಾಗ ಮನೆ ಬಿಟ್ಟವರು ಮಧ್ಯಾಹ್ನದ ತನಕ ಎಲ್ಲಿಗೆ ಹೋಗಬೇಕು? ಎಷ್ಟೋ ಮಂದಿ ನೀರು ಕುಡಿಯೋದನ್ನೇ ಬಿಡ್ತಾರ. ಊರಿನ ಶೌಚಾಲಯ ಸ್ವಚ್ಛ ಇಡೋರಿಗೆ ಊರಿನಾಗ ಶೌಚಾಲಯ ಇಲ್ಲ. ಬೆಳಗಿನ ಉಪಾಹಾರ ಕೊಡೋ ವ್ಯವಸ್ಥೆ ಬಂದದ, ಸರಿ. ಆದರೆ ಅದನ್ನ ಕೂತು ತಿನ್ನಾಕ ಒಂದು ಕಟ್ಟೆ, ಕೈ ತೊಳೆಯಾಕ ಒಂದು ನಳ ಬೇಕು.

ಈ ಕೆಲಸದಲ್ಲಿ ಜೀವ ಹೋಗೋ ಪ್ರಸಂಗಗಳೂ ಅದಾವು. 2021ರ ಜನವರಿಯಲ್ಲಿ ಕಲಬುರಗಿಯಲ್ಲೇ ಮ್ಯಾನ್‌ಹೋಲ್ ಸ್ವಚ್ಛ ಮಾಡೋಕೆ ಇಳಿದ ಇಬ್ಬರು ಕಾರ್ಮಿಕರು ಸತ್ತರು. 2013ರ ಕಾನೂನು ಬಂದು ಏಳು ವರ್ಷ ದಾಟಿತ್ತು. ಇಂಥ ಸಾವಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, 2023ರ ಅಕ್ಟೋಬರ್‌ನಲ್ಲಿ ಅದನ್ನ 30 ಲಕ್ಷಕ್ಕೆ ಏರಿಸಿತು. ಯಾರನ್ನೂ ಒಳಗ ಇಳಿಸಲೇಬಾರದು ಅನ್ನೋದೇ ಕಾನೂನಿನ ಉದ್ದೇಶ. ನಿಮ್ಮ ಓಣಿಯಲ್ಲಿ ಬ್ಲಾಕ್ ಆದಾಗ ಮಷಿನ್ ಬರೋತನಕ ಕಾಯೋಕೆ ತಾಳ್ಮೆ ಇಲ್ಲದೆ ‘ಯಾರನ್ನಾದ್ರೂ ಇಳಿಸ್ರಿ’ ಅಂತ ಒತ್ತಾಯ ಮಾಡೋರು ನಮ್ಮ ನಡುವೆಯೇ ಇರ್ತಾರೆ.

ಇಂಥದ್ದೇ ಎರಡು ಸಾವಿನಿಂದ ಅಮೆರಿಕದಲ್ಲಿ ಒಂದು ಚಳವಳಿ ಶುರು ಆಗಿತ್ತು. ಮೆಂಫಿಸ್ ನಗರ, 1968ರ ಫೆಬ್ರುವರಿ 1. ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಇಬ್ಬರು ಕಪ್ಪು ಕಾರ್ಮಿಕರು ಸತ್ತರು. ಸುಮಾರು 1,300 ಜನ ಕೆಲಸ ನಿಲ್ಲಿಸಿದರು. ಅವರು ಹಿಡಿದ ಫಲಕದಲ್ಲಿ ಸಂಬಳದ ಅಂಕಿ ಇರಲಿಲ್ಲ. ‘ನಾನು ಮನುಷ್ಯ’ ಅಂತ ಅಷ್ಟೇ ಇತ್ತು. ಅವರಿಗೆ ಬೆಂಬಲ ಕೊಡೋಕೆ ಹೋದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರಂದು ಅದೇ ಊರಿನಲ್ಲಿ ಗುಂಡೇಟಿಗೆ ಬಲಿಯಾದರು. ಹನ್ನೆರಡು ದಿನದ ಮೇಲೆ ನಗರಾಡಳಿತ ಸಂಘಕ್ಕೆ ಮಾನ್ಯತೆ ಕೊಟ್ಟಿತು, ಸಂಬಳವೂ ಏರಿತು. ಮನುಷ್ಯ ಅಂತ ಒಪ್ಪಿಸಿಕೊಂಡ ಮೇಲೆ ಸಂಬಳದ ಮಾತು ತಾನೇ ಮುಂದೆ ಬಂತು.

ನಮ್ಮ ಕಡೆಗೇ ಬರ್ರಿ. ಶರಣರ ನಾಡು ಅಂತ ಹೆಮ್ಮೆಯಿಂದ ಹೇಳ್ಕೋತೀವಿ, ಊರಿನ ಹೆಸರಲ್ಲೇ ಶರಣ ಅದಾನೆ. 12ನೇ ಶತಮಾನದ ಶರಣೆ ಸತ್ಯಕ್ಕನ ಕಾಯಕ ಏನು ಗೊತ್ತೇನ್ರಿ? ಶಿವಭಕ್ತರ ಮನೆ ಅಂಗಳ ಗುಡಿಸೋದು. ಲಂಚಕ್ಕೆ ಕೈ ಚಾಚಲ್ಲ, ದಾರಿಯಲ್ಲಿ ಬಿದ್ದ ಹೊನ್ನು ಮುಟ್ಟಲ್ಲ ಅಂತ ಆಣೆ ಮಾಡಿದಾಕಿ. ಪೊರಕೆ ಹಿಡಿದ ಹೆಣ್ಮಗಳು ಲಂಚದ ಬಗ್ಗೆ ಮಾತಾಡಿದ್ದನ್ನ ಸ್ಥಳೀಯ ಸಂಸ್ಥೆಯ ಕಚೇರಿಗಳಲ್ಲಿ ಫ್ರೇಮ್ ಹಾಕಿ ತೂಗಹಾಕಬೇಕು ಅಂತ ನನಗೆ ಒಮ್ಮೊಮ್ಮೆ ಅನಸ್ತದ.

ಕಚೇರಿ ಅಂದ ಕೂಡಲೇ ನೀವು ಕೇಳ್ತೀರಿ: ‘ನಮಗೇ ಅಲ್ಲಿ ಯಾರು ಗೌರವ ಕೊಡ್ತಾರ್ರಿ? ಒಂದು ಜನನ ಪ್ರಮಾಣಪತ್ರಕ್ಕೆ ನಾಳೆ ಬಾ ಅಂತಾರ.’ ಖರೆ ಅದ. ಅದಕ್ಕಂತ ಕರ್ನಾಟಕದಲ್ಲಿ 2011ರ ಸಕಾಲ ಕಾಯ್ದೆ ಅದ. ಗಡುವು ಮೀರಿದ್ರ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಅರ್ಜಿ ಕೊಟ್ಟಾಗ ಸಕಾಲದ ಸ್ವೀಕೃತಿ ಸಂಖ್ಯೆ ಇಲ್ಲದೆ ಎದ್ದು ಬರಬ್ಯಾಡ್ರಿ. ನಾಗರಿಕನ ಕಾಯುವಿಕೆಗೆ ಸಣ್ಣದಾದ್ರೂ ಒಂದು ಬೆಲೆ ಇಟ್ಟಾರಲ್ಲ, ಅದು ಒಳ್ಳೆಯದು. ಪೌರಕಾರ್ಮಿಕರೂ ಸಂಬಳಕ್ಕೆ ಕಾಯ್ತಾರೆ. 2019ರ ವೇತನ ಸಂಹಿತೆ ಪ್ರಕಾರ ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೈ ಸೇರಬೇಕು.

ಹಂಗಾಗಿ ಈ ವಾರ ನಿಮಗೊಂದು ಕೆಲಸ. ನಿಮ್ಮ ಓಣಿಗೆ ಬರೋರ ಹೆಸರು ಕೇಳ್ರಿ, ‘ರೀ’ ಹಚ್ಚಿ ಕೇಳ್ರಿ. ಪರಿಚಯ ಆದ ಮೇಲೆ, ಅವರಿಗೆ ಹೇಳಾಕ ಮನಸ್ಸಿದ್ರ ಮಾತ್ರ, ಹೋದ ತಿಂಗಳ ಸಂಬಳ ಯಾವ ತಾರೀಖಿಗೆ ಬಂತು, ಕೈಗವಸು ಕಡೀ ಸಲ ಯಾವಾಗ ಕೊಟ್ಟಿದ್ರು ಅಂತ ಕೇಳ್ರಿ. ಅವರ ಹೆಸರು, ಫೋಟೋ ಹಾಕಬ್ಯಾಡ್ರಿ, ಅವರ ಕೆಲಸಕ್ಕೆ ಕುತ್ತು ಬರಬಾರದು. ಊರು, ವಾರ್ಡ್, ತಾರೀಖು ಇಷ್ಟನ್ನ ನಮಗೆ ವಾಯ್ಸ್ ನೋಟ್ ಕಳಸ್ರಿ. ಮುಂದಿನ ಕಂತಿನಾಗ ಆ ತಾರೀಖುಗಳನ್ನ ಒಂದೊಂದಾಗಿ ಓದ್ತೀನಿ.