ಹಿರಿಯರ ವಿಮಾನಯಾನ ಮತ್ತು ಪೇಸ್‌ಮೇಕರ್

(ಕೂಟದ ಯುಗಾದಿ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಹೋಳಿಗೆಯ ಊಟಕ್ಕೂ ಮಕ್ಕಳ ನಾಟಕಕ್ಕೂ ನಡುವೆ ವೈದ್ಯನೊಬ್ಬನನ್ನು ಮಾತಿಗೆ ನಿಲ್ಲಿಸಿರುವ ಸಮಿತಿಯ ಧೈರ್ಯವನ್ನು ನಾನು ಮೊದಲು ಮೆಚ್ಚಬೇಕು. ಕಳೆದ ತಿಂಗಳು ಅಧ್ಯಕ್ಷರು ದೂರವಾಣಿ ಮಾಡಿ, "ಡಾಕ್ಟರೇ, ಬೇಸಿಗೆ ಬರುತ್ತಿದೆ. ಅನೇಕರ ತಂದೆತಾಯಿಯರು ಊರಿನಿಂದ ಬರುವವರಿದ್ದಾರೆ. ಕೆಲವರಿಗೆ ಪೇಸ್‌ಮೇಕರ್ ಇದೆಯಂತೆ. ಅಷ್ಟು ದೂರ ವಿಮಾನದಲ್ಲಿ ಬರಬಹುದೇ ಎಂದು ಎಲ್ಲರೂ ಕೇಳುತ್ತಾರೆ, ನೀವೇ ಹೇಳಿಬಿಡಿ" ಎಂದರು. 'ಬರಬಹುದು' ಎಂಬ ಒಂದೇ ಪದದಲ್ಲಿ ಉತ್ತರ ಮುಗಿಯುತ್ತದೆ. ಆದರೆ ಆ ಒಂದೇ ಪದವನ್ನು ನೆಚ್ಚಿಕೊಂಡು ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ಆ ಕಥೆಯನ್ನೂ ಸೇರಿಸಿ ಹೇಳಿದರೆ ಮಾತ್ರ ಉತ್ತರ ಪೂರ್ಣವಾದೀತು.

ಮೊದಲು ಈ ಉಪಕರಣದ ಪರಿಚಯ. ನಮ್ಮ ಹೃದಯದ ಮೇಲಿನ ಬಲ ಕೋಣೆಯಲ್ಲಿ ಒಂದು ಸಣ್ಣ ಜೀವಕೋಶಗಳ ಗುಂಪಿದೆ. ಅದನ್ನು 1907ರಲ್ಲಿ ಕೀತ್ ಮತ್ತು ಫ್ಲ್ಯಾಕ್ ಎಂಬ ಇಬ್ಬರು ವಿಜ್ಞಾನಿಗಳು ಗುರುತಿಸಿದರು. ಅಲ್ಲಿ ಹುಟ್ಟುವ ವಿದ್ಯುತ್ ಸಂಜ್ಞೆ ಕೆಳಗಿನ ಕೋಣೆಗಳಿಗೆ ಹರಿದಾಗ ಹೃದಯ ಮಿಡಿಯುತ್ತದೆ. ವಯಸ್ಸಾದಂತೆ ಕೆಲವರಲ್ಲಿ ಈ ಸಂಜ್ಞೆ ಹುಟ್ಟುವುದು ನಿಧಾನವಾಗುತ್ತದೆ, ಇಲ್ಲವೇ ಸಾಗುವ ದಾರಿ ಕಟ್ಟಿಹೋಗುತ್ತದೆ. ನಾಡಿ ನಿಮಿಷಕ್ಕೆ ಮೂವತ್ತು ನಲವತ್ತಕ್ಕೆ ಇಳಿದು ತಲೆಸುತ್ತು, ಆಯಾಸ, ಎಚ್ಚರ ತಪ್ಪುವಿಕೆ ಕಾಣಿಸಿಕೊಳ್ಳುತ್ತವೆ. ಆಗ ಕೊರಳೆಲುಬಿನ ಕೆಳಗೆ, ಚರ್ಮದ ಅಡಿಯಲ್ಲಿ ಈ ಪುಟ್ಟ ಯಂತ್ರವನ್ನಿಟ್ಟು, ಅದರ ತಂತಿಯನ್ನು ರಕ್ತನಾಳದ ಮೂಲಕ ಹೃದಯಕ್ಕೆ ಇಳಿಸುತ್ತಾರೆ. ಹೃದಯ ತಡಮಾಡಿದಾಗ ಯಂತ್ರ ಅದನ್ನು ಮೆಲ್ಲಗೆ ತಟ್ಟುತ್ತದೆ.

ದೇಹದೊಳಗೆ ಪೂರ್ತಿಯಾಗಿ ಅಳವಡಿಸಿದ ಮೊದಲ ಪೇಸ್‌ಮೇಕರನ್ನು 1958ರ ಅಕ್ಟೋಬರ್ 8ರಂದು ಸ್ವೀಡನ್ನಿನಲ್ಲಿ ಆರ್ನೆ ಲಾರ್ಸನ್ ಎಂಬ ರೋಗಿಗೆ ಹಾಕಲಾಯಿತು. ಆ ಯಂತ್ರ ಕೆಲವೇ ಗಂಟೆಗಳಲ್ಲಿ ಕೆಟ್ಟುಹೋಗಿ, ಇನ್ನೊಂದನ್ನು ಇಡಬೇಕಾಯಿತು. ಮುಂದೆ ಲಾರ್ಸನ್ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರುಗಳನ್ನು ಸವೆಸಿ, ಯಂತ್ರವನ್ನು ನಿರ್ಮಿಸಿದ ಎಲ್ಮ್‌ಕ್ವಿಸ್ಟ್ ಮತ್ತು ಶಸ್ತ್ರಚಿಕಿತ್ಸೆ ಮಾಡಿದ ಸೆನ್ನಿಂಗ್ ಇಬ್ಬರೂ ತೀರಿಕೊಂಡ ಬಳಿಕವೂ ಬದುಕಿದ್ದು, 2001ರಲ್ಲಿ ತಮ್ಮ 86ನೆಯ ವಯಸ್ಸಿನಲ್ಲಿ ನಿಧನರಾದರು. ಪೇಸ್‌ಮೇಕರ್ ಹಾಕಿಸಿಕೊಂಡವರು ಗಾಜಿನ ಬಳೆಯಂತೆ ಎಂದು ಭಾವಿಸುವವರು ಈ ವ್ಯಕ್ತಿಯನ್ನು ನೆನೆಯಬೇಕು.

ಈಗ ನನ್ನ ಕಥೆ. ನನ್ನ ತಾಯಿ ಹಾಸನದಲ್ಲಿದ್ದಾರೆ, ನಿವೃತ್ತ ಶಾಲಾ ಶಿಕ್ಷಕಿ. 2021ರಲ್ಲಿ ಅವರಿಗೆ ಪೂರ್ಣ ಹಾರ್ಟ್ ಬ್ಲಾಕ್ ಆಗಿ ಬೆಂಗಳೂರಿನಲ್ಲಿ ಪೇಸ್‌ಮೇಕರ್ ಹಾಕಿಸಿದೆವು. 2023ರ ಮೇ ತಿಂಗಳಲ್ಲಿ ಮೊಮ್ಮಗಳ ಪದವಿ ಪ್ರದಾನಕ್ಕೆ ಬರುವೆನೆಂದು ಹೊರಟರು. ಆಗ ಅವರಿಗೆ 77 ವರ್ಷ. ನಾನು ವೈದ್ಯನಲ್ಲವೇ, ಸಿದ್ಧತೆಯಲ್ಲಿ ಕೊರತೆ ಇರಬಾರದೆಂದು ಯಂತ್ರವನ್ನು ಪರೀಕ್ಷೆ ಮಾಡಿಸಿದೆ, ಗುರುತಿನ ಚೀಟಿಯ ನಕಲು ತೆಗೆಸಿದೆ, ತಪಾಸಣೆಯವರಿಗೆ ಏನು ಹೇಳಬೇಕೆಂದು ದೂರವಾಣಿಯಲ್ಲಿ ಮೂರು ಸಲ ಪಾಠ ಒಪ್ಪಿಸಿಕೊಂಡೆ. ಗಾಲಿಕುರ್ಚಿಗೂ ಹೇಳಿಟ್ಟಿದ್ದೆ.

ವಿಮಾನ ಷಿಕಾಗೋದಲ್ಲಿ ಇಳಿದು ಎರಡು ಗಂಟೆಯಾದರೂ ಅಮ್ಮ ಹೊರಗೆ ಬರಲಿಲ್ಲ. ಆಮೇಲೆ ದೂರವಾಣಿ ಬಂತು. ಇಮಿಗ್ರೇಷನ್ ಸಾಲಿನಲ್ಲಿ ನಿಂತಿದ್ದಾಗ ಎಚ್ಚರತಪ್ಪಿ ಬಿದ್ದಿದ್ದಾರೆ, ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಕಳಿಸುತ್ತಿದ್ದೇವೆ ಎಂದರು. ಗುರುತಿನ ಚೀಟಿಯ ಹಿಂದೆ ಬರೆದಿದ್ದ ನನ್ನ ಸಂಖ್ಯೆಯಿಂದ ಅವರು ನನ್ನನ್ನು ಹುಡುಕಿದ್ದರು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿದ್ದದ್ದು ಒಂದೇ: ತಂತಿ ಕಳಚಿತೇ, ಬ್ಯಾಟರಿ ಕೈಕೊಟ್ಟಿತೇ? ತುರ್ತು ಚಿಕಿತ್ಸಾ ವಿಭಾಗದವರಿಗೂ ಅದೇ ಸಂದೇಹ. ತಂತ್ರಜ್ಞರು ಬಂದು ಯಂತ್ರದ ನೆನಪನ್ನು ಓದಿದರು. ಯಂತ್ರ ಒಂದು ಮಿಡಿತವನ್ನೂ ತಪ್ಪಿಸಿರಲಿಲ್ಲ. ತಪ್ಪಿದ್ದು ರಕ್ತದೊತ್ತಡ, ಮೇಲಿನ ಅಂಕಿ 84ಕ್ಕೆ ಇಳಿದಿತ್ತು.

ಸಲೈನ್ ಹರಿದು, ಅಮ್ಮ ಎದ್ದು ಕುಳಿತು ಕಾಫಿ ಕೇಳಿದ ಮೇಲೆ ನಿಜ ತಿಳಿಯಿತು. ಬೆಂಗಳೂರಿನಿಂದ ಇಲ್ಲಿಯವರೆಗೆ ಅವರು ಕುಡಿದದ್ದು ಒಂದು ಲೋಟದಷ್ಟು ನೀರು. ಏಕೆಂದು ಕೇಳಿದರೆ, "ಪಕ್ಕದಲ್ಲಿ ಒಬ್ಬ ಹುಡುಗ ಮಲಗಿದ್ದ ಕಣೋ. ಕುಡಿದರೆ ಏಳಬೇಕು, ಎದ್ದರೆ ಅವನನ್ನ ಎಬ್ಬಿಸಬೇಕು. ಪಾಪ, ಎಷ್ಟು ಸಲ ಎಬ್ಬಿಸಲಿ?" ಎಂದರು. ರಕ್ತದೊತ್ತಡದ ಬೆಳಗಿನ ಮಾತ್ರೆಯನ್ನು ಊರಿನ ಏಳು ಗಂಟೆಗೆ ವಿಮಾನದಲ್ಲೇ ತೆಗೆದುಕೊಂಡಿದ್ದರು. ಫ್ರಾಂಕ್‌ಫರ್ಟ್‌ನಲ್ಲಿ ಇಳಿದಾಗ ಅಲ್ಲಿ ಮತ್ತೆ ಬೆಳಗಾಗಿತ್ತು, ಮತ್ತೆ ಬೆಳಗಿನ ಮಾತ್ರೆ ತೆಗೆದುಕೊಂಡರು. ಗಾಲಿಕುರ್ಚಿ ಬಂದಾಗ ಬೇಡವೆಂದಿದ್ದರು. "ನಡೆಯೋಕೆ ಬರೋಳು ಅದರಲ್ಲಿ ಕೂತರೆ ಸುಳ್ಳು ಹೇಳಿದ ಹಾಗಲ್ಲವೇ?" ಎಂಬುದು ಅವರ ವಾದ. ಹೀಗೆ ಒಣಗಿದ ದೇಹ, ಎರಡು ಪಟ್ಟು ಮಾತ್ರೆ, ಒಂದೂವರೆ ಗಂಟೆ ನಿಂತ ಕಾಲು ಮೂರೂ ಸೇರಿದ್ದವು.

ಬಂಧುಗಳೇ, ಪೇಸ್‌ಮೇಕರ್ ಹೃದಯದ ಲಯವನ್ನು ಕಾಯುತ್ತದೆ, ರಕ್ತದೊತ್ತಡವನ್ನು ಕಾಯುವುದಿಲ್ಲ. ಕೊಳವೆಯಲ್ಲಿ ನೀರೇ ಇಲ್ಲದಿದ್ದರೆ ಪಂಪು ಎಷ್ಟು ಸಲ ಹೊಡೆದುಕೊಂಡರೇನು? ನಾನು ಯಂತ್ರದ ಪ್ರಯಾಣಕ್ಕೆ ಸಿದ್ಧತೆ ಮಾಡಿದ್ದೆ, ತಾಯಿಯ ಪ್ರಯಾಣಕ್ಕೆ ಮಾಡಿರಲಿಲ್ಲ. ನೀವು ಈ ತಪ್ಪನ್ನು ಮಾಡಬಾರದೆಂದೇ ಮುಂದಿನ ಮಾತುಗಳು.

ಹೊರಡುವ ಮುನ್ನ: ಯಂತ್ರ ಅಳವಡಿಸಿ ಎಷ್ಟು ದಿನವಾಗಿದೆ ಎಂಬುದು ಮೊದಲ ಪ್ರಶ್ನೆ. ಅಳವಡಿಸುವಾಗ ಅಪರೂಪಕ್ಕೆ ಶ್ವಾಸಕೋಶದ ಹೊರಗೆ ಗಾಳಿ ಸೇರಿಕೊಳ್ಳುವುದುಂಟು. ಎತ್ತರದಲ್ಲಿ ಆ ಗಾಳಿ ಹಿಗ್ಗುತ್ತದೆ, ಅದು ಅಪಾಯ. ಅಂಥ ತೊಂದರೆ ಇಲ್ಲದಿದ್ದರೆ ಎರಡು ದಿನಗಳ ನಂತರ, ಇದ್ದರೆ ಅದು ಪೂರ್ತಿ ವಾಸಿಯಾಗಿ ಎರಡು ವಾರಗಳ ನಂತರ ಹಾರಬಹುದೆಂಬುದು ಬ್ರಿಟಿಷ್ ಹೃದ್ರೋಗತಜ್ಞರ ಸೂಚನೆ. ಆದರೆ ಇಷ್ಟು ದೂರದ ಪ್ರಯಾಣಕ್ಕೆ ಗಾಯ ಮಾಗಿ, ಮೊದಲ ಪರೀಕ್ಷೆ ಮುಗಿಯುವವರೆಗೆ ಕಾಯುವುದು ಮೇಲು. ಮೊದಲ ಕೆಲವು ವಾರ ಯಂತ್ರವಿರುವ ಪಕ್ಕದ ತೋಳನ್ನು ಭುಜಕ್ಕಿಂತ ಮೇಲೆತ್ತಬಾರದು. ಎಂದರೆ ವಿಮಾನದಲ್ಲಿ ತಲೆಯ ಮೇಲಿನ ಗೂಡಿಗೆ ಚೀಲವನ್ನು ಅವರು ತಾವೇ ಎತ್ತಿಡಬಾರದು.

ಯಂತ್ರದ ಗುರುತಿನ ಚೀಟಿ ಪಾಸ್‌ಪೋರ್ಟಿನ ಜೊತೆಗಿರಲಿ, ಸೂಟ್‌ಕೇಸಿನಲ್ಲಿ ಬೇಡ. ಅದರಲ್ಲಿ ತಯಾರಿಸಿದ ಕಂಪನಿಯ ಹೆಸರು ಬಹಳ ಮುಖ್ಯ, ಏಕೆಂದರೆ ಒಂದು ಕಂಪನಿಯ ಯಂತ್ರವನ್ನು ಇನ್ನೊಂದರ ಸಾಧನ ಓದಲಾರದು. ಇತ್ತೀಚಿನ ಇ.ಸಿ.ಜಿ.ಯ ಪ್ರತಿಯೊಂದನ್ನೂ ಇಟ್ಟುಕೊಳ್ಳಲಿ. ಪೇಸ್‌ಮೇಕರ್ ನಡೆಸುವ ಹೃದಯದ ಇ.ಸಿ.ಜಿ. ಬೇರೆ ರೀತಿ ಕಾಣುವುದರಿಂದ ಹೊಸ ವೈದ್ಯರು ಅದನ್ನು ಹಳೆಯದರ ಜೊತೆ ಹೋಲಿಸಿ ನೋಡಬೇಕಾಗುತ್ತದೆ. ಹೊರಡುವ ಮುನ್ನ ಯಂತ್ರವನ್ನೂ ಅದರ ಬ್ಯಾಟರಿಯನ್ನೂ ಪರೀಕ್ಷೆ ಮಾಡಿಸಿರಬೇಕು.

ತಪಾಸಣೆಯಲ್ಲಿ: ಲೋಹಶೋಧಕ ಚೌಕಟ್ಟಿನ ಮೂಲಕ ಸಾಮಾನ್ಯ ನಡಿಗೆಯಲ್ಲಿ ಹಾದುಹೋದರೆ ಯಂತ್ರಕ್ಕೆ ಹಾನಿಯಿಲ್ಲ. ಅದಕ್ಕೆ ಒರಗಿ ನಿಲ್ಲಬಾರದು, ನಡುವೆ ತಡೆಯಬಾರದು. ಗಂಟೆ ಬಾರಿಸಿದರೆ ಗಾಬರಿ ಬೇಡ, ಅದು ಲೋಹವನ್ನು ಕಂಡಿದೆ ಅಷ್ಟೇ. ಕೈಕೋಲಿನಂಥ ಶೋಧಕವನ್ನು ಯಂತ್ರದ ಮೇಲೆ ಹಿಡಿದು ನಿಲ್ಲಿಸಬಾರದು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಇದರ ಬಳಕೆ ಸಾಮಾನ್ಯವಾದ್ದರಿಂದ, ಮೊದಲೇ ಚೀಟಿ ತೋರಿಸಿ ಕೈಯಿಂದಲೇ ತಪಾಸಣೆ ಮಾಡುವಂತೆ ಕೇಳಬೇಕು. ದೇವನಹಳ್ಳಿಯ ಸಿಬ್ಬಂದಿಗೆ ಕನ್ನಡ ಬರದಿದ್ದರೂ ಚಿಂತೆಯಿಲ್ಲ, 'ಪೇಸ್‌ಮೇಕರ್' ಎಂಬ ಪದ ಎಲ್ಲ ಭಾಷೆಗಳಲ್ಲೂ ಒಂದೇ. ಅಮೆರಿಕದ ನಿಲ್ದಾಣಗಳಲ್ಲಿ ಕೈಯೆತ್ತಿ ನಿಲ್ಲಿಸಿ ನೋಡುವ ಸ್ಕ್ಯಾನರಿನಿಂದಲೂ ಪೇಸ್‌ಮೇಕರಿಗೆ ತೊಂದರೆಯಿಲ್ಲ. ಇನ್ನು, ಮೊಬೈಲನ್ನು ಎದೆಯ ಮೇಲಿನ ಜೇಬಿನಲ್ಲಿ ಇಡಬಾರದು. ಯಂತ್ರದಿಂದ ಆರು ಅಂಗುಲ ದೂರವಿರಲಿ, ಇನ್ನೊಂದು ಪಕ್ಕದ ಕಿವಿಗೆ ಹಿಡಿಯಲಿ. ಕೆಲವು ಫೋನುಗಳಲ್ಲಿಯೂ ಹೆಡ್‌ಫೋನುಗಳಲ್ಲಿಯೂ ಬಲವಾದ ಅಯಸ್ಕಾಂತವಿರುತ್ತದೆ.

ವಿಮಾನದೊಳಗೆ: ವಿಮಾನ ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಹಾರಿದರೂ ಒಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿಯ ಬೆಟ್ಟದ ಮೇಲಿದ್ದಷ್ಟು ಇರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರ ಸುಮಾರು 6,300 ಅಡಿ, ಊಟಿ 7,300 ಅಡಿಯ ಆಸುಪಾಸು. ಊಟಿಯಲ್ಲಿ ಕುಳಿತಿರಬಲ್ಲ ಹೃದಯ ವಿಮಾನದಲ್ಲಿಯೂ ಕುಳಿತಿರಬಲ್ಲದು. ಆದರೆ ಪೇಸ್‌ಮೇಕರಿನ ಜೊತೆಗೆ ಹೃದಯದ ದೌರ್ಬಲ್ಯವೋ ಶ್ವಾಸಕೋಶದ ಕಾಯಿಲೆಯೋ ಇದ್ದು, ಒಂದು ಮಹಡಿ ಹತ್ತಿದರೆ ಏದುಸಿರು ಬರುವವರು ವೈದ್ಯರ ಒಪ್ಪಿಗೆಯಿಲ್ಲದೆ ಹೊರಡಬಾರದು.

ಆಸನವನ್ನು ನಡುದಾರಿಯ ಪಕ್ಕದಲ್ಲೇ ಕೊಡಿಸಿ. ಕಿಟಕಿಯ ಪಕ್ಕ ಕೂಡಿಸಿ ಮೋಡ ತೋರಿಸುವ ಆಸೆ ನಮಗೆ, ಅಲ್ಲಿಂದ ಏಳಲು ಸಂಕೋಚ ಅವರಿಗೆ. ಒಂದೆರಡು ಗಂಟೆಗೊಮ್ಮೆ ಎದ್ದು ನಡೆಯಲಿ, ಕುಳಿತಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸಲಿ. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯ ದೀರ್ಘಕಾಲ ಕುಳಿತ ಎಲ್ಲ ಹಿರಿಯರಿಗೂ ಇದೆ, ಅದನ್ನು ಪೇಸ್‌ಮೇಕರ್ ತಡೆಯದು. ಬಿಗಿಯಾದ ಉದ್ದ ಕಾಲುಚೀಲ ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ವೈದ್ಯರಿಂದ ತಿಳಿಯಿರಿ. ನೀರನ್ನು ಆಗಾಗ ಸ್ವಲ್ಪ ಸ್ವಲ್ಪ ಕುಡಿಯಲಿ. ನೀರಿನ ಮಿತಿ ಹೇಳಿಸಿಕೊಂಡವರು ಮಾತ್ರ ಆ ಮಿತಿಯನ್ನು ಮೀರಬಾರದು. ನೀರಿನ ಮಾತ್ರೆ, ಅಂದರೆ ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಪ್ರಯಾಣದ ದಿನ ತಾವಾಗಿಯೇ ಬಿಡುವವರು ಅನೇಕರು. ಅದನ್ನು ಯಾವಾಗ ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಮೊದಲೇ ಕೇಳಿರಿ.

ಮಾತ್ರೆಗಳೆಲ್ಲ ಕೈಚೀಲದಲ್ಲಿರಲಿ, ವೈದ್ಯರ ಚೀಟಿಯ ಜೊತೆ, ಕೆಲವು ವಾರಗಳಿಗೆ ಹೆಚ್ಚಾಗಿಯೇ ಇರಲಿ. 'ಬೆಳಿಗ್ಗೆ ಒಂದು, ರಾತ್ರಿ ಒಂದು' ಎಂಬ ಲೆಕ್ಕ ಆಕಾಶದಲ್ಲಿ ನಡೆಯದು, ಅಲ್ಲಿ ಒಂದೇ ಪ್ರಯಾಣದಲ್ಲಿ ಎರಡು ಬೆಳಗಾಗಬಹುದು. ನಾನೀಗ ಅಮ್ಮನಿಗೆ ಹೇಳಿರುವುದು ಇಷ್ಟು: ಕೈಗಡಿಯಾರ ನಮ್ಮ ಮನೆ ತಲುಪುವವರೆಗೆ ಹಾಸನದ ಸಮಯವನ್ನೇ ತೋರಿಸಲಿ. ಯಾವ ಮಾತ್ರೆ, ಎಷ್ಟು ಗಂಟೆಗೆ ಎಂದು ಕನ್ನಡದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದ ಹಾಳೆಯಲ್ಲಿ, ನುಂಗಿದೊಡನೆ ಗುರುತು ಹಾಕಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಈ ಹಾಳೆಯನ್ನು ವೈದ್ಯರಿಂದಲೇ ಬರೆಸಬೇಕು. ವಾರ್ಫರಿನ್ ತೆಗೆದುಕೊಳ್ಳುವವರಿಗೆ ಇನ್ನೊಂದು ಮಾತು. ಊರಿನಲ್ಲಿ ತಿನ್ನುತ್ತಿದ್ದ ಸೊಪ್ಪಿನ ಪ್ರಮಾಣ ಇಲ್ಲಿ ಒಮ್ಮೆಗೇ ಹೆಚ್ಚಿದರೂ ಕಡಿಮೆಯಾದರೂ ಮಾತ್ರೆಯ ಪ್ರಭಾವ ಏರುಪೇರಾಗುತ್ತದೆ. ಬಂದ ಮೇಲೆ ರಕ್ತಪರೀಕ್ಷೆ ಎಲ್ಲಿ ಮಾಡಿಸುವುದೆಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಕೊನೆಯದಾಗಿ ವಿಮೆ. ಅರ್ಜಿಯಲ್ಲಿ ಪೇಸ್‌ಮೇಕರಿನ ವಿಷಯವನ್ನು ಮುಚ್ಚಿಡಬೇಡಿ. ಮೊದಲಿನಿಂದ ಇರುವ ಕಾಯಿಲೆಗೆ ಅನೇಕ ಪ್ರವಾಸಿ ವಿಮೆಗಳು ಹಣ ಕೊಡುವುದಿಲ್ಲ, ಕೊಡುವುವೂ ಮಿತಿ ಹಾಕುತ್ತವೆ. ಆ ಸಣ್ಣ ಅಕ್ಷರಗಳನ್ನು ಕೊಳ್ಳುವ ಮೊದಲೇ ಓದಿ.

ಇದೆಲ್ಲಕ್ಕಿಂತ ಮುಖ್ಯವಾದ ಒಂದು ಮಾತಿದೆ. ನಮ್ಮ ಹಿರಿಯರ ಸಂಕೋಚ ದೊಡ್ಡ ಗುಣ. ಮತ್ತೊಬ್ಬರಿಗೆ ತೊಂದರೆ ಕೊಡಬಾರದೆಂದು ಬದುಕಿದವರು ಅವರು. ಆದರೆ ಅದೇ ಸಂಕೋಚ ಮೂವತ್ತೈದು ಸಾವಿರ ಅಡಿಯ ಮೇಲೆ ಅವರಿಗೆ ಶತ್ರುವಾಗುತ್ತದೆ. ನಾವು ದೂರವಾಣಿಯಲ್ಲಿ "ಹೇಗಿದ್ದೀಯಮ್ಮ?" ಎನ್ನುತ್ತೇವೆ, ಅವರು "ಚೆನ್ನಾಗಿದ್ದೀನಪ್ಪ" ಎನ್ನುತ್ತಾರೆ. ಇಬ್ಬರಿಗೂ ಸಮಾಧಾನ, ಯಾರಿಗೂ ಏನೂ ತಿಳಿಯಲಿಲ್ಲ. ಹಾಗೆ ಕೇಳಬೇಡಿ. ಕಾಲು ಊದಿದೆಯೇ, ರಾತ್ರಿ ಎಷ್ಟು ದಿಂಬು ಬೇಕು, ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತದೆಯೇ, ಮೂತ್ರಕ್ಕೆ ಎಷ್ಟು ಸಲ ಹೋಗುತ್ತೀರಿ ಎಂದು ಬಿಡಿಸಿ ಕೇಳಿ. ಗಾಲಿಕುರ್ಚಿಯಲ್ಲಿ ಕೂರುವುದು ಸುಳ್ಳಲ್ಲ, ದಣಿದ ಕಾಲಿಗೆ ಅದು ಊರುಗೋಲು ಎಂದು ಮೊದಲೇ ಒಪ್ಪಿಸಿ.

ಐದು ತಿಂಗಳ ನಂತರ ಅಮ್ಮ ಹಿಂದಿರುಗಿದರು, ಈ ಸಲ ನಡುದಾರಿಯ ಪಕ್ಕದ ಆಸನದಲ್ಲಿ. ಹಾಸನ ಮುಟ್ಟಿದ ಮೇಲೆ ದೂರವಾಣಿಯಲ್ಲಿ ವರದಿ ಒಪ್ಪಿಸಿದರು: "ಒಂಬತ್ತು ಸಲ ಎದ್ದೆ ಕಣೋ, ಲೆಕ್ಕ ಇಟ್ಟಿದ್ದೀನಿ. ಕುರ್ಚಿ ತಳ್ಳಿದ ಹುಡುಗ ಒಳ್ಳೆಯವನು, ಅವನ ತಾಯಿಗೂ ಪೇಸ್‌ಮೇಕರ್ ಇದೆಯಂತೆ." ಮುಂದಿನ ವರ್ಷ ಮತ್ತೆ ಬರುತ್ತೀಯಾ ಎಂದು ಕೇಳಿದೆ. "ಯಂತ್ರ ಗಟ್ಟಿಯಾಗಿದೆ, ನೋಡೋಣ" ಎಂದರು.

ಈ ಬೇಸಿಗೆಯಲ್ಲಿ ನಿಮ್ಮ ಮನೆಗಳಿಗೂ ಹಿರಿಯರು ಕ್ಷೇಮವಾಗಿ ಬರಲಿ ಎಂದು ಹಾರೈಸುತ್ತೇನೆ. ಮಕ್ಕಳು ತೆರೆಯ ಹಿಂದೆ ಕಾಯುತ್ತಿದ್ದಾರೆ, ನಾಟಕ ಮುಂದುವರಿಯಲಿ.