ಹಳದಿ ನೀಲಿ ಸೇರಿದರೆ ಹಸಿರೇ?

ಈ ಸರಣಿಗೆ ಬರುವ ಪತ್ರಗಳಲ್ಲಿ ಒಂದು ದೂರು ತಪ್ಪುವುದೇ ಇಲ್ಲ. "ಚಿತ್ರಕಾರ ಜಾರ್ಜ್ ಸೂರಾನ ಬಣ್ಣದ ಚುಕ್ಕೆಗಳು ದೂರದಿಂದ ಝಗಝಗಿಸುತ್ತವೆ ಅನ್ನುತ್ತಾರೆ. ನಮಗೆ ಅವನ ಚಿತ್ರದ ಹುಲ್ಲು ಮಂಕಾಗಿಯೇ ಕಾಣುತ್ತದೆ. ನಮ್ಮ ಕಣ್ಣಿನ ದೋಷವೇ?"

ಅಲ್ಲ ಸ್ವಾಮಿ, ಕಣ್ಣು ಸರಿಯಾಗಿಯೇ ಇದೆ. ಹೇಳಿದವರ ಮಾತು ಸರಿಯಿಲ್ಲ.

ನಾನು ಹೇಳುತ್ತಿರುವುದು ಷಿಕಾಗೊದಲ್ಲಿರುವ, ಸುಮಾರು 3 ಮೀಟರ್ ಅಗಲದ 'ಗ್ರಾಂಡ್ ಜಾಟ್' ಚಿತ್ರದ ಬಗ್ಗೆ. ಭಾನುವಾರ ಸೆನ್ ನದಿಯ ನಡುಗಡ್ಡೆಗೆ ಗಾಳಿ ಸೇವನೆಗೆ ಬಂದ ಪ್ಯಾರಿಸ್ ಜನ, ಕೊಡೆಗಳು, ಒಂದು ಕೋತಿ. 1886ರಲ್ಲಿ ಪ್ರದರ್ಶನಕ್ಕೆ ಬಂತು.

ಹಳದಿ ಚುಕ್ಕೆ, ಪಕ್ಕದಲ್ಲಿ ನೀಲಿ ಚುಕ್ಕೆ, ಕಣ್ಣಲ್ಲಿ ಬೆರೆತು ಹೊಳೆಯುವ ಹಸಿರು: ಇದನ್ನು ನನ್ನ ತರಗತಿಯ ಹುಡುಗರೂ ಪ್ರತಿ ವರ್ಷ ಗಿಳಿಪಾಠ ಒಪ್ಪಿಸುತ್ತಾರೆ. ಕೇಳಿ ಕೇಳಿ ಸಾಕಾಗಿದೆ! ತಟ್ಟೆಯಲ್ಲಿ ಕಲಸಿದಾಗ ಹಳದಿ ಬಣ್ಣ ಒಂದಿಷ್ಟು ಬೆಳಕನ್ನು ನುಂಗುತ್ತದೆ, ನೀಲಿ ಇನ್ನೊಂದಿಷ್ಟನ್ನು ನುಂಗುತ್ತದೆ. ಎರಡರಿಂದಲೂ ತಪ್ಪಿಸಿಕೊಂಡದ್ದು ಹಸಿರು. ಬಿಡಿಬಿಡಿ ಚುಕ್ಕೆಗಳಲ್ಲಿ ಹಾಗಾಗುವುದಿಲ್ಲ. ಎರಡೂ ತಂತಮ್ಮ ಬೆಳಕನ್ನು ಕಳಿಸುತ್ತವೆ, ದೂರದ ಕಣ್ಣು ಅದರ ಸರಾಸರಿ ತೆಗೆಯುತ್ತದೆ. ಹಳದಿ ನೀಲಿಗಳ ಸರಾಸರಿ ಬೂದು. ಮತ್ತೊಮ್ಮೆ ಹೇಳುತ್ತೇನೆ: ಕಲಸಿದರೆ ಹಸಿರು, ಚುಕ್ಕೆಯಿಟ್ಟರೆ ಬೂದು. ಒಂದು ಬಣ್ಣದ ಹಾಸು, ಇನ್ನೊಂದು ಬಣ್ಣದ ಹೊಕ್ಕು ಹಾಕಿದ ಸೀರೆಯನ್ನು ದೂರ ಹಿಡಿದು ನೋಡಿ, ಗೊತ್ತಾಗುತ್ತದೆ.

ಹುಲ್ಲಿನ ಮಂಕಿಗೆ ಇನ್ನೊಂದು ಕಾರಣ ರಾಸಾಯನಿಕ. ಬಿಸಿಲು ಬಿದ್ದ ಹುಲ್ಲಿಗೆ ಸೂರಾ ಹಚ್ಚಿದ ಸತುವಿನ ಹಳದಿ ಕೆಲವೇ ವರ್ಷಗಳಲ್ಲಿ ಕಂದಿ ಕಂದು ಬಣ್ಣಕ್ಕೆ ತಿರುಗಿತು. ಅವನು ಕಂಡ ಬಿಸಿಲು ಇವತ್ತು ಅಲ್ಲಿ ಪೂರ್ತಿ ಇಲ್ಲ.

ಹಾಗಾದರೆ ಚಿತ್ರದಲ್ಲಿ ಕಾಣುವ ಬೆಳಕು ಎಲ್ಲಿಂದ? ಬಣ್ಣಗಳು ಬೆರೆಯುವುದರಿಂದಲ್ಲ, ಎದುರುಬದುರು ನಿಲ್ಲುವುದರಿಂದ. ಗೋಬ್ಲಾಂ ನೇಯ್ಗೆಶಾಲೆಯಲ್ಲಿ ಕಪ್ಪು ನೂಲು ಮಾಸಲಾಗಿದೆ ಎಂಬ ದೂರು ಬಂದಾಗ ರಸಾಯನಶಾಸ್ತ್ರಜ್ಞ ಶೆವ್ರೆಲ್ ನೂಲನ್ನು ಪರೀಕ್ಷಿಸಿದ. ನೂಲು ಚೆನ್ನಾಗಿತ್ತು, ಪಕ್ಕದ ಬಣ್ಣ ಅದನ್ನು ಕೆಡಿಸಿತ್ತು. 1839ರ ಅವನ ಗ್ರಂಥದ ತಿರುಳು ಇದೇ. ಸೂರಾ ಅದನ್ನೇ ಉಪಯೋಗಿಸಿದ: ಉಡುಪಿನ ಗಾಢ ಅಂಚಿನ ಪಕ್ಕ ಹುಲ್ಲನ್ನು ತುಸು ತಿಳಿಮಾಡಿದ, ಬೆಳಗುವ ಅಂಚಿನ ಪಕ್ಕ ತುಸು ಗಾಢಮಾಡಿದ.

ಸಮಯವಾಗುತ್ತಿದೆ, ಸಲಹೆ ಎರಡೇ. ಮೊಬೈಲಿನ ಅಂಗೈಯಗಲದ ಪ್ರತಿ ನೋಡಿ ತೀರ್ಪು ಕೊಡಬೇಡಿ; ಅಲ್ಲಿ ಚುಕ್ಕೆಗಳೇ ಉಳಿದಿರುವುದಿಲ್ಲ. ಒಳ್ಳೆಯ ದೊಡ್ಡ ಮುದ್ರಣ ಸಿಕ್ಕರೆ ಹುಲ್ಲಿನ ನಡುವನ್ನು ಬಿಟ್ಟು, ಬಿಸಿಲು ನೆರಳು ಕೂಡುವ ಅಂಚನ್ನು ನೋಡಿ. ಮಂಕು ಕಂಡರೆ ಮಂಕು ಅಂತಲೇ ಹೇಳಿ. ಪುಸ್ತಕಕ್ಕೆ ಹೆದರಿ ನಿಮ್ಮ ಕಣ್ಣನ್ನು ಬೈಯಬೇಡಿ.