ಎಲುಬು ಕೂಡುವ ತನಕ



ಮೂಳೆ ಚಿಕಿತ್ಸೆಯಲ್ಲಿ ವೈದ್ಯರ ಕೈಕೆಳಗೆ ಕೆಲಸ ಮಾಡುವ ಫಿಜಿಷಿಯನ್ ಅಸಿಸ್ಟೆಂಟರ ಪಾತ್ರವೇನು ಎಂಬ ಪ್ರಶ್ನೆಯನ್ನು ಕೊಪ್ಪಳ ಜಿಲ್ಲೆಯ ಸಿದ್ದಾಪುರದಲ್ಲಿ ಕೂತು ಚರ್ಚಿಸುತ್ತಿರುವುದು ನನಗೆ ಬಹಳ ಸಮಾಧಾನ ತಂದಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಈ ಭತ್ತದ ಸೀಮೆಯಲ್ಲಿ ಟ್ರ್ಯಾಕ್ಟರ್ ಮಗುಚಿ ಕಾಲು ಮುರಿದುಕೊಂಡವರು, ಬೈಕಿನಿಂದ ಬಿದ್ದು ಮುಂಗೈ ಮುರಿದುಕೊಂಡವರು ಎಲ್ಲ ಊರಲ್ಲೂ ಇದ್ದಾರೆ. ತೊಡೆಯ ಎಲುಬಿಗೆ ರಾಡು ಹಾಕುವುದು ಕೆಲವು ತಾಸಿನ ಕೆಲಸ. ಅದು ಕೂಡಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಆ ತಿಂಗಳುಗಳಲ್ಲಿ ರೋಗಿಯ ಹೊಣೆ ಯಾರದು? ಈ ಸಂಕಿರಣದ ಮುಂದೆ ನಾನು ಇಡುವ ಪ್ರಶ್ನೆ ಇದೊಂದೇ.

ಆ ಹೊಣೆ ಹಂಚಿಕೊಳ್ಳಬಲ್ಲ ಫಿಜಿಷಿಯನ್ ಅಸಿಸ್ಟೆಂಟ್ ವೃತ್ತಿ ಹುಟ್ಟಿದ್ದು 1965ರಲ್ಲಿ, ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ. ನೌಕಾಪಡೆಯಲ್ಲಿ ಗಾಯಾಳುಗಳ ಆರೈಕೆ ಮಾಡಿ ಪಳಗಿದವರನ್ನೇ ಡಾ. ಯೂಜೀನ್ ಸ್ಟೆಡ್ ಮೊದಲ ತಂಡಕ್ಕೆ ಆರಿಸಿಕೊಂಡರು. ನಮ್ಮ ದೇಶಕ್ಕೆ ಅದನ್ನು 1992ರಲ್ಲಿ ಚೆನ್ನೈಗೆ ತಂದವರು ಹೃದಯ ಶಸ್ತ್ರಚಿಕಿತ್ಸಕ ಡಾ. ಕೆ. ಎಂ. ಚೆರಿಯನ್. 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆ ಈ ವೃತ್ತಿಯನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು.

ಮೂಳೆ ವಿಭಾಗದಲ್ಲಿ ಇವರು ರೋಗಿಯ ಪೂರ್ವವೃತ್ತ ಬರೆದುಕೊಳ್ಳುತ್ತಾರೆ, ಪ್ಲಾಸ್ಟರ್ ಹಾಕಲು ನೆರವಾಗುತ್ತಾರೆ, ಶಸ್ತ್ರಚಿಕಿತ್ಸೆಯಲ್ಲಿ ಕೈಜೋಡಿಸುತ್ತಾರೆ, ಗಾಯ ತೊಳೆದು ಪಟ್ಟಿ ಬದಲಿಸುತ್ತಾರೆ. ಆದರೆ ಅವರ ನಿಜವಾದ ಬೆಲೆ ತಿಳಿಯುವುದು ಪ್ಲಾಸ್ಟರ್ ಹಾಕಿದ ರಾತ್ರಿ. ಊತ ಏರುತ್ತದೆ, ಒಳಗೆ ಒತ್ತಡ ಹೆಚ್ಚುತ್ತದೆ. "ಬೆರಳು ಜೋಮು ಹಿಡದಾವ್ರಿ, ಬ್ಯಾನಿ ತಡಕೊಳ್ಳಾಕ ಆಗವಲ್ದು" ಎಂದು ಮಗು ಅಳುತ್ತಿದ್ದರೆ ನೋವಿನ ಮಾತ್ರೆ ಕೊಟ್ಟು ಮಲಗಿಸುವಂತಿಲ್ಲ. ಬೆರಳನ್ನು ಮೆಲ್ಲಗೆ ಚಾಚಿಸಿ ನೋಡಬೇಕು, ಬಣ್ಣ ನೋಡಬೇಕು, ಕಟ್ಟನ್ನು ಆಗಲೇ ಸೀಳಿ ಸಡಿಲಿಸಿ ಶಸ್ತ್ರಚಿಕಿತ್ಸಕರನ್ನು ಕರೆಯಬೇಕು. ಸುಮಾರು ಆರು ತಾಸು ರಕ್ತ ಹರಿಯದಿದ್ದರೆ ಸ್ನಾಯು ಮತ್ತೆ ಚೇತರಿಸದ ಹಾಗೆ ಸಾಯತೊಡಗುತ್ತದೆ. ಹಾಗೆ ಸೆಟೆದು ಮುದುಡಿದ ಕೈಯನ್ನು ಜರ್ಮನಿಯ ಶಸ್ತ್ರಚಿಕಿತ್ಸಕ ಫೋಲ್ಕ್‌ಮನ್ 1881ರಷ್ಟು ಹಿಂದೆಯೇ ವಿವರಿಸಿದ್ದ. ಇಷ್ಟು ಹಳೆಯ ತಿಳಿವಳಿಕೆ ಇದ್ದೂ ಒಂದು ಮಗು ಕೈ ಕಳೆದುಕೊಂಡರೆ, ಅಲ್ಲಿ ಇಲ್ಲದಿದ್ದದ್ದು ವಿದ್ಯೆಯಲ್ಲ, ಹಾಸಿಗೆಯ ಬಳಿ ನಿಲ್ಲುವ ತರಬೇತಿ ಪಡೆದ ಮನುಷ್ಯ. ನಮ್ಮ ಜನ ಆಸ್ಪತ್ರೆ ಬಿಟ್ಟು ಎಲುಬು ಕಟ್ಟುವವರ ಬಳಿ ಹೋಗುತ್ತಾರೆಂದು ದೂರುತ್ತೇವೆ. ಅಲ್ಲಿ ಕೂಡ್ರಿಸಿಕೊಂಡು ಕೇಳುವವರಿರುತ್ತಾರೆ ಎಂಬುದನ್ನೂ ನಾವು ಗಮನಿಸಬೇಕು.

ಇನ್ನೊಂದು ಸಂಗತಿ ನಮ್ಮ ಜಿಲ್ಲೆಯದೇ. ಯಲಬುರ್ಗಾ, ಕುಷ್ಟಗಿ ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಆ ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಬೆನ್ನು ಸೆಟೆಯುತ್ತದೆ, ಮಂಡಿ ಮಡಚಲು ಬರುವುದಿಲ್ಲ. ಎಕ್ಸ್-ರೇಯಲ್ಲಿ ಎಲುಬು ದಟ್ಟವಾಗಿ ಕಂಡರೂ ಗಟ್ಟಿತನ ಇರುವುದಿಲ್ಲ. ಇಂಥವರಿಗೆ ವಾತವೆಂದು ನೋವಿನ ಗುಳಿಗೆ ಕೊಡುತ್ತ ಹೋದರೆ ಮೂತ್ರಪಿಂಡಕ್ಕೂ ಪೆಟ್ಟು. "ಅಮ್ಮಾ, ನೀವು ಯಾವ ಬೋರಿನ ನೀರು ಕುಡಿತೀರಿ, ಎಷ್ಟು ವರ್ಷ ಆತು?" ಎಂದು ಕೇಳುವ ಪುರುಸೊತ್ತು ಹೊರರೋಗಿಗಳ ಸಾಲಿನ ಮುಂದೆ ಕೂತ ಒಬ್ಬ ವೈದ್ಯರಿಗೆ ಸಿಗುವುದು ಕಷ್ಟ. ಆ ಪ್ರಶ್ನೆ ಕೇಳುವವರು ಪಕ್ಕದಲ್ಲಿರಬೇಕು.

ಇವರ ಕೆಲಸದ ಗಡಿಯನ್ನೂ ಸ್ಪಷ್ಟವಾಗಿ ಹೇಳುತ್ತೇನೆ. ರೋಗನಿರ್ಣಯ, ಶಸ್ತ್ರಚಿಕಿತ್ಸೆಯ ತೀರ್ಮಾನ ವೈದ್ಯರದ್ದೇ. ಬ್ರಿಟನ್ನಿನಲ್ಲಿ ಈ ಗೆರೆ ಮಸುಕಾಗಿ ದೊಡ್ಡ ವಿವಾದವಾಯಿತು. ಈ ವಿವಾದ ಕುರಿತ 2025ರ ಲೆಂಗ್ ವರದಿ, ರೋಗ ಇನ್ನೂ ಗೊತ್ತಾಗದ ರೋಗಿಗಳನ್ನು ಇವರು ಮೊದಲಿಗೆ ನೋಡಬಾರದೆಂದು ಶಿಫಾರಸು ಮಾಡಿತು. ವೈದ್ಯರ ಕೊರತೆ ಮುಚ್ಚಲು ಇವರನ್ನು ಅಗ್ಗದ ವೈದ್ಯರಂತೆ ಬಳಸಿದರೆ ಹಳ್ಳಿಯ ರೋಗಿಗೂ ಮೋಸ, ಈ ವೃತ್ತಿಗೂ ಮೋಸ.

2015ರಿಂದ ಕೊಪ್ಪಳದಲ್ಲಿ ವೈದ್ಯಕೀಯ ಕಾಲೇಜಿದೆ. ಶಸ್ತ್ರಚಿಕಿತ್ಸೆ ಅಲ್ಲಿ ಆಗಲಿ, ನಂತರದ ಆರೈಕೆ ಗಂಗಾವತಿ, ಕುಷ್ಟಗಿ, ಯಲಬುರ್ಗಾ ಆಸ್ಪತ್ರೆಗಳಲ್ಲಿ ಮುಂದುವರಿಯಲಿ. ಅದಕ್ಕೆ ವೈದ್ಯರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವ ಫಿಜಿಷಿಯನ್ ಅಸಿಸ್ಟೆಂಟರ ಹುದ್ದೆಗಳು ಬೇಕು, ಪ್ಲಾಸ್ಟರ್ ಹಾಕಿಸಿಕೊಂಡವರನ್ನು ಮರುದಿನ ತಪ್ಪದೆ ನೋಡುವ ನಿಯಮ ಬೇಕು. ಸಂಜೆಯ ಗೋಷ್ಠಿ ಮುಗಿಯುವುದರೊಳಗೆ ಈ ಎರಡನ್ನೂ ಠರಾವಾಗಿ ಬರೆದು, ನೀವೆಲ್ಲ ಸಹಿ ಹಾಕಿ ಆರೋಗ್ಯ ಇಲಾಖೆಗೆ ಕಳಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ.